ನಾಲ್ಕು ಗಂಟೆಯ ಸೊಪ್ಪು

ಅಪ್ಪ ಹೋದ ಮೇಲೆ ಅಮ್ಮ ರೇಷ್ಮೆ ಹುಳು ಸಾಕುವುದನ್ನು ಬಿಡುತ್ತಾಳೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಹತ್ತು ತಿಂಗಳು ಹುಳು ಮನೆಗೆ ಬೀಗ ಬಿದ್ದಿತ್ತು. ತೋಟದ ಹಿಪ್ಪುನೇರಳೆ ಸೊಪ್ಪನ್ನು ಪಕ್ಕದ ಹೊಲದವರಿಗೆ ಮಾರುತ್ತಿದ್ದಳು. ಆಮೇಲೆ ಡಿಸೆಂಬರಿನ ಒಂದು ಬೆಳಿಗ್ಗೆ ಫೋನ್ ಮಾಡಿ, "ಚಾಕಿ ಹುಳ ತಂದಿದ್ದೀನಿ, ಐವತ್ತು ಮೊಟ್ಟೆ. ಎರಡನೇ ಜ್ವರ ಎದ್ದಿವೆ," ಎಂದಳು. ಅಂಗಡಿಯಿಂದ ಉಪ್ಪು ತಂದಷ್ಟು ಸಲೀಸಾಗಿ ಹೇಳಿದಳು. ಚಾಕಿ ಎಂದರೆ ಎಳೆಯ ಹುಳು. ಒಂದು ಮೊಟ್ಟೆ ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, ನೂರಾರು.

ಅಮ್ಮನಿಗೆ ಅರವತ್ತಾರು. ಮಂಡಿ ನೋವು ಬೇರೆ. ತಮ್ಮ ಸಿಟ್ಟಾದ. ಅವನು ದೇವನಹಳ್ಳಿಯಲ್ಲಿದ್ದುಕೊಂಡು ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಾನೆ. ಹಗಲು ರಾತ್ರಿ ಇಲ್ಲದ ಕೆಲಸ. "ದುಡ್ಡು ಬೇಕಾದ್ರೆ ನಾನು ಕೊಡ್ತೀನಲ್ಲ, ಯಾಕಮ್ಮ ಈ ಉಸಾಬರಿ," ಎಂದು ಕೂಗಾಡಿದನಂತೆ. ಅಮ್ಮ ಏನೂ ಹೇಳದೆ ಫೋನ್ ಇಟ್ಟಳಂತೆ. ನಾನು ಆಫೀಸಿನಲ್ಲಿ ಮೂರು ವಾರ ರಜೆ ಕೇಳಿದೆ. ಅಮ್ಮನಿಗೆ ಸಹಾಯ ಮಾಡಲು ಹೋಗುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿದೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಬೆಂಗಳೂರಿನ ಮನೆಯಲ್ಲಿ ಒಬ್ಬಳೇ ಇರುವುದು ನನ್ನ ಕೈಲಿ ಆಗದಂತಾಗಿತ್ತು.

ನನಗೀಗ ನಲವತ್ತನಾಲ್ಕು. ಮದುವೆ ಮುರಿದು ಆರು ವರ್ಷವಾಯಿತು. ಯಾರ ತಪ್ಪು ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ. ಇಬ್ಬರೂ ಕೆಟ್ಟವರಲ್ಲ, ಅಷ್ಟು ಸಾಕು. ಮೊದಲ ಎರಡು ವರ್ಷ ಒಂಟಿತನ ಅಷ್ಟಾಗಿ ಗೊತ್ತಾಗಲಿಲ್ಲ. ಜಗಳವಿಲ್ಲದ ಮನೆಯೇ ದೊಡ್ಡ ಸುಖ ಅನ್ನಿಸಿತ್ತು. ಅದು ಗೊತ್ತಾಗಿದ್ದು ಒಂದು ಲೋಟದಿಂದ. ಬೆಳಿಗ್ಗೆ ಕಾಫಿ ಕುಡಿದು, ಹೊತ್ತಾಯಿತು ಎಂದು ಕಿಟಕಿ ಕಟ್ಟೆಯ ಮೇಲೆ ಲೋಟ ಇಟ್ಟು ಓಡುತ್ತೇನೆ. ಸಂಜೆ ಬಾಗಿಲು ತೆಗೆದರೆ ಲೋಟ ಅಲ್ಲೇ ಇರುತ್ತದೆ. ತಳದಲ್ಲಿ ಕಾಫಿ ಒಣಗಿ ಕಂದು ಬಳೆಯ ಹಾಗೆ ಅಂಟಿರುತ್ತದೆ. ನಾಲ್ಕು ಜನ ಇರುವ ಮನೆಯಲ್ಲಿ ಲೋಟ ಇಟ್ಟ ಕಡೆ ಇರುವುದೇ ಇಲ್ಲ, ಅಲ್ವಾ? ಯಾರೋ ಎತ್ತಿರುತ್ತಾರೆ, ಯಾರೋ ಗೊಣಗಿರುತ್ತಾರೆ, ಮಕ್ಕಳು ಒದ್ದು ಉರುಳಿಸಿರುತ್ತಾರೆ. ನಾನು ಇಟ್ಟಿದ್ದು ಇಟ್ಟ ಹಾಗೇ ಇರುವ ಮನೆ ನನ್ನದು. ಒಂದು ಸಂಜೆ ಆ ಲೋಟ ನೋಡಿಕೊಂಡು ಚಪ್ಪಲಿ ಕೂಡ ಬಿಡದೆ ಬಹಳ ಹೊತ್ತು ನಿಂತಿದ್ದೆ.

ಅಂಥ ರಾತ್ರಿಗಳಲ್ಲಿ ಫೋನ್ ಹಿಡಿದು ಒಂಟಿತನದ ಬಗ್ಗೆ ಏನೇನೋ ಓದುತ್ತಿದ್ದೆ. ಬ್ರಿಟನ್‌ನಲ್ಲಿ 2018ರಲ್ಲಿ ಇದನ್ನು ನೋಡಿಕೊಳ್ಳಲೆಂದೇ ಒಬ್ಬ ಮಂತ್ರಿಗೆ ಹೊಣೆ ಕೊಟ್ಟರಂತೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ಆಯೋಗ ಮಾಡಿತು. ನನ್ನೊಬ್ಬಳ ಸಂಕಟ ಅಲ್ಲ ಇದು ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು, ನಿಜ. ಆದರೆ ಬೆಳಿಗ್ಗೆ ಎದ್ದರೆ ಮತ್ತೆ ಅದೇ ಲೋಟ.

ನಮ್ಮ ಕಡೆ ಒಂಟಿ ಸೀನು ಕೆಟ್ಟದ್ದು ಎನ್ನುತ್ತಾರೆ. ಹೊರಡುವಾಗ ಯಾರಾದರೂ ಒಂದೇ ಸಲ ಸೀನಿದರೆ, ಹೊರಟವರೆಲ್ಲ ಹೊಸಿಲಲ್ಲೇ ನಿಂತು ಇನ್ನೊಂದು ಸೀನಿಗೆ ಕಾಯುತ್ತಾರೆ. ಬರದಿದ್ದರೆ ಒಂದು ಗುಟುಕು ನೀರು ಕುಡಿದು, ಒಂದು ನಿಮಿಷ ಕೂತು ಹೊರಡಬೇಕು. ಆ ಡಿಸೆಂಬರಿನಲ್ಲಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬೀಗ ಹಾಕುವಾಗ ನಾನು ಒಂದು ಸಲ ಸೀನಿದೆ. ಅಭ್ಯಾಸ ನೋಡಿ, ಸುಮ್ನೆ ನಿಂತೆ. ಕೂತು ಹೋಗು ಎನ್ನಲು ಯಾರೂ ಇರಲಿಲ್ಲ. ನಾನೇ ಒಳಗೆ ಹೋಗಿ, ನೀರು ಕುಡಿದು, ಕುರ್ಚಿ ಮೇಲೆ ಒಂದು ನಿಮಿಷ ಕೂತು ಎದ್ದು ಬಂದೆ.

ನಮ್ಮೂರು ಶಿಡ್ಲಘಟ್ಟದ ಹತ್ತಿರ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಅಮ್ಮ ಮಾತ್ರ ಇವತ್ತಿಗೂ ಯಾರಾದರೂ ಕೇಳಿದರೆ "ಕೋಲಾರ ಜಿಲ್ಲೆ" ಎಂದೇ ಹೇಳುತ್ತಾಳೆ. ಬೀದಿಯಲ್ಲಿ ಅರ್ಧ ಜನ ತೆಲುಗು ಮಾತಾಡುತ್ತಾರೆ, ಅರ್ಧ ಕನ್ನಡ. ಒಬ್ಬರು ತೆಲುಗಿನಲ್ಲಿ ಕೇಳಿದ್ದಕ್ಕೆ ಇನ್ನೊಬ್ಬರು ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ. ಅದು ಅವರೆಕಾಯಿ ಕಾಲ. ಬಸ್ಸಿನಿಂದ ಇಳಿದ ಕೂಡಲೇ ಸೊಗಡಿನ ವಾಸನೆ ಬಂತು. ಯಾವುದೋ ಜಗುಲಿಯ ಮೇಲೆ ನೆನೆಸಿದ ಕಾಳಿನ ಬೋಗುಣಿ ಇಟ್ಟುಕೊಂಡು ಇಬ್ಬರು ಹೆಂಗಸರು ಹಿತಕುತ್ತಾ ಕೂತಿದ್ದರು. ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ. ಎಷ್ಟು ಹೊತ್ತು ಬೇಕಾದರೂ ನೋಡಿಕೊಂಡು ನಿಲ್ಲಬಹುದು.

ರೇಷ್ಮೆ ಹುಳು ನೋಡದವರಿಗೆ ಒಂದಿಷ್ಟು ಹೇಳಬೇಕು. ಮೊಟ್ಟೆಯಿಂದ ಬಂದಾಗ ಅದು ಕರೀ ದಾರದ ಚೂರಿನಷ್ಟು ಇರುತ್ತದೆ. ಸುಮಾರು ಇಪ್ಪತ್ತೈದು ದಿನದಲ್ಲಿ ಕಿರುಬೆರಳಿನಷ್ಟಾಗುತ್ತದೆ, ತೂಕ ಹತ್ತು ಸಾವಿರ ಪಟ್ಟು ಬೆಳೆಯುತ್ತದೆ. ಚರ್ಮ ಅಷ್ಟು ಹಿಗ್ಗುವುದಿಲ್ಲ. ಅದಕ್ಕೆ ನಾಲ್ಕು ಸಲ ಪೊರೆ ಬಿಡುತ್ತದೆ. ನಾವು ಅದನ್ನು ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳು ತಿನ್ನುವುದಿಲ್ಲ. ತಲೆ ಎತ್ತಿ, ಕಲ್ಲಿನ ಹಾಗೆ ಒಂದು ದಿನ ಕೂತುಬಿಡುತ್ತದೆ. ಆಗ ಮುಟ್ಟಬಾರದು, ಅಲುಗಿಸಬಾರದು, ಸೊಪ್ಪು ಹಾಕಬಾರದು. ಹಾಸಿಗೆ ಒಣಗಿರಲಿ ಎಂದು ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಹೆಚ್ಚುಕಮ್ಮಿ ಎಲ್ಲವೂ ಎದ್ದ ಮೇಲೆ ಮಾತ್ರ ತಡ ಮಾಡಬಾರದು. ಆಗ ಅವಕ್ಕೆ ತಡೆಯಲಾರದ ಹಸಿವು.

ನಾನು ಹೋದ ಮೂರನೇ ದಿನಕ್ಕೆ ಹುಳು ಮೂರನೇ ಜ್ವರಕ್ಕೆ ಕೂತವು. ಸುಮಾರು ಇಪ್ಪತ್ತು ಸಾವಿರ ಜೀವ, ಒಂದೂ ಅಲುಗುವುದಿಲ್ಲ. ಅಮ್ಮ ಬಾಗಿಲಲ್ಲಿ ಕೂತು ಕಾಯುತ್ತಿದ್ದಳು. ಒಳಗೆ ಚಳಿಯಾಗದಿರಲಿ ಎಂದು ಚೆನ್ನಾಗಿ ಹತ್ತಿದ, ಹೊಗೆಯಿಲ್ಲದ ಕೆಂಡದ ಬಾಣಲೆ ಇಟ್ಟಿದ್ದಳು. ನನಗೆ ಆರು ವರ್ಷದ ಹಿಂದಿನದು ನೆನಪಾಯಿತು. ಮದುವೆ ಮುರಿದಾಗ ಎಲ್ಲರೂ ಫೋನ್ ಮಾಡುತ್ತಿದ್ದರು. ಹೊಂದಿಕೊಂಡು ಹೋಗು, ದೇವಸ್ಥಾನಕ್ಕೆ ಹೋಗಿ ಬಾ, ಇನ್ನೊಂದು ಸಲ ಯೋಚನೆ ಮಾಡು. ಅಮ್ಮ ಒಬ್ಬಳೇ ಏನೂ ಕೇಳಲಿಲ್ಲ. ಆಗ ನನಗೆ ಅದು ನೋವಾಗಿತ್ತು, ಇವಳಿಗೆ ನನ್ನ ಚಿಂತೆಯೇ ಇಲ್ಲವಲ್ಲ ಎಂದು. ಎರಡು ತಿಂಗಳಾದ ಮೇಲೆ ಒಂದು ದಿನ ನಾನಾಗಿ ಫೋನ್ ಮಾಡಿ, "ಅಮ್ಮ, ಹಸಿವಾಗ್ತಿದೆ, ಏನು ಮಾಡ್ಕೊಳ್ಳಲಿ," ಎಂದೆ. ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿದ ಸದ್ದು. ಅಮ್ಮ ನಿಂತಿದ್ದಳು. ಚೀಲದಲ್ಲಿ ರಾಗಿ ಹಿಟ್ಟು, ಹುಚ್ಚೆಳ್ಳು ಪುಡಿ, ಮುದ್ದೆ ಕೋಲು. ಕತ್ತಲಲ್ಲೇ ಮೊದಲ ಬಸ್ಸು ಹತ್ತಿ ಬಂದಿದ್ದಳು.

ಅವಳಿಗೆ ಹೊತ್ತು ಗೊತ್ತಿತ್ತು. ನನಗೆ ಅದು ಅರ್ಥವಾಗಲು ಹುಳು ಮನೆಯ ಬಾಗಿಲಲ್ಲಿ ಕೂರಬೇಕಾಯಿತು.

ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿನ ಮನೆಯಲ್ಲಿ ಯಾರಿಗೂ ಪುರಸೊತ್ತಿಲ್ಲ. ಅದರ ಇಡೀ ಬದುಕಿನ ಊಟದಲ್ಲಿ ನೂರಕ್ಕೆ ಎಂಬತ್ತು ಪಾಲು ಕೊನೆಯ ಒಂದು ವಾರದ್ದೇ. ಕೊಂಬೆ ಕೊಯ್ದು ತರಬೇಕು, ಒದ್ದೆ ಬಟ್ಟೆ ಮುಚ್ಚಿ ಇಡಬೇಕು, ಹಾಕಬೇಕು. ಹಾಕಿ ತಿರುಗುವಷ್ಟರಲ್ಲಿ ಬರೀ ಕಡ್ಡಿ ಉಳಿದಿರುತ್ತದೆ. ಊಜಿ ನೊಣ ನುಗ್ಗದ ಹಾಗೆ ಬಲೆ ಸರಿ ಇದೆಯಾ ನೋಡಬೇಕು, ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲಿಗೆ ಇಟ್ಟ ಬಟ್ಟಲಿನ ನೀರು ನೋಡಬೇಕು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹತ್ತಕ್ಕೆ. ನಮ್ಮ ಮನೆಯಲ್ಲಿ ಕೊನೆಯ ವಾರ ಬೆಳಗಿನ ಜಾವ ನಾಲ್ಕಕ್ಕೂ ಒಂದು ಸಲ ಹಾಕುವ ರೂಢಿ.

ಆ ವಾರ ರಾತ್ರಿ ಹುಳು ಮನೆಯೊಳಗೆ ಕೂತರೆ ಹೆಂಚಿನ ಮೇಲೆ ಸೋನೆ ಹನಿಸಿದ ಸದ್ದು. ಇಪ್ಪತ್ತು ಸಾವಿರ ಬಾಯಿ ಸೊಪ್ಪು ಕತ್ತರಿಸುವ ಸದ್ದು ಅದು. ಚಿಕ್ಕವಳಿದ್ದಾಗ ಆ ಸದ್ದು ಕೇಳುತ್ತಾ ನಿದ್ದೆ ಹೋಗುತ್ತಿದ್ದೆ. ಆಗ ಹುಳುವಿಗೆ ಬೇರೆ ಮನೆ ಇರಲಿಲ್ಲ. ನಡುಮನೆಯಲ್ಲೇ ಬಿದಿರ ತಟ್ಟೆಗಳು, ಅವುಗಳ ಪಕ್ಕದಲ್ಲೇ ನಮ್ಮ ಚಾಪೆ.

ಒಂದು ರಾತ್ರಿ ಸೊಪ್ಪು ಹಾಕಿ ಕೈ ತೊಳೆಯುತ್ತಿದ್ದಾಗ ಅಮ್ಮನನ್ನು ಕೇಳಿದೆ. "ನಲವತ್ತು ವರ್ಷ ಹೀಗೇ ಮಾಡಿದ್ದೀಯ. ನಿನಗೆ ಬೇಜಾರು ಆಗ್ತಿರಲಿಲ್ವಾ?"

"ಆಗ್ತಿತ್ತು."

"ಮತ್ತೆ?"

"ಮತ್ತೇನು, ನನಗೆ ಬೇಜಾರು ಅಂತ ಹುಳ ಉಪವಾಸ ಇರುತ್ತಾ?"

ಇದನ್ನು ನಾನು ದೊಡ್ಡ ತತ್ವ ಮಾಡಲು ಹೋಗುವುದಿಲ್ಲ. ಅಮ್ಮ ಕಳಕೊಂಡಿದ್ದೂ ಇದೆ. ಊರಿನ ಹೆಂಗಸರೆಲ್ಲ ಬಸ್ಸು ಮಾಡಿಕೊಂಡು ಧರ್ಮಸ್ಥಳಕ್ಕೆ ಹೋದಾಗ ನಮ್ಮ ಮನೆಯಲ್ಲಿ ಹುಳು ಗೂಡು ಕಟ್ಟಲು ಹಣ್ಣಾಗಿತ್ತು. ಅವಳ ತಂಗಿಯ ಮಗಳ ಮದುವೆಗೆ ಧಾರೆಯ ಹೊತ್ತಿಗೆ ಹೋಗಿ ಊಟಕ್ಕೆ ಮುಂಚೆ ವಾಪಸ್ ಬಂದಳು. ಅಮ್ಮ ಇನ್ನೂ ಸಮುದ್ರ ನೋಡಿಲ್ಲ. ಇನ್ನೊಬ್ಬರ ಹೊತ್ತಿಗೆ ಕಟ್ಟಿಕೊಂಡು ತಮ್ಮ ಹೊತ್ತೇ ಇಲ್ಲದ ಹೆಂಗಸರು ನಮ್ಮ ಊರುಗಳಲ್ಲಿ ಎಷ್ಟು ಜನ! ಅದನ್ನೇ ಪ್ರೀತಿ, ಅದನ್ನೇ ತ್ಯಾಗ ಎಂದು ಹೊಗಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗಿದ್ದೂ ಆ ರಾತ್ರಿ ನನಗೊಂದು ವಿಷಯ ಹೊಳೆಯಿತು. ಬೆಂಗಳೂರಿನಲ್ಲಿ ನನ್ನನ್ನು ಪ್ರೀತಿಸುವವರು ಇಲ್ಲವೇ? ಇದ್ದಾರೆ. ಗೆಳತಿಯರಿದ್ದಾರೆ, ತಮ್ಮ ಇದ್ದಾನೆ, ಫೋನ್ ಮಾಡಿದರೆ ಓಡಿ ಬರುವವರು ಮೂರ್ನಾಲ್ಕು ಜನ ಇದ್ದಾರೆ. ಆದರೆ ಸಂಜೆ ಆರಕ್ಕೆ ನಾನು ಬರದಿದ್ದರೆ ಯಾರಿಗೂ ಏನೂ ವ್ಯತ್ಯಾಸವಾಗುವುದಿಲ್ಲ. ನನಗಾಗಿ ಕಾಯುವ ಹೊತ್ತು ಯಾರ ಬಳಿಯೂ ಇಲ್ಲ. ನನ್ನ ಒಂಟಿತನ ಅಲ್ಲಿತ್ತು. ಪ್ರೀತಿ ಸಿಗುತ್ತಿಲ್ಲ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ನಿಜವಾಗಿ, ನನ್ನೊಳಗಿನ ಪ್ರೀತಿಗೆ ಮಾಡಲು ಕೆಲಸ ಇರಲಿಲ್ಲ.

ಅಮ್ಮ ಅಪ್ಪನ ಬಗ್ಗೆ ಮಾತಾಡಿದ್ದು ಅದೇ ರಾತ್ರಿ. ಹತ್ತು ತಿಂಗಳಲ್ಲಿ ಮೊದಲ ಸಲ.

ನಾಲ್ಕು ಗಂಟೆಯ ಸೊಪ್ಪನ್ನು ಅವರಿಬ್ಬರೂ ಸರದಿಯ ಮೇಲೆ ಹಾಕುತ್ತಿದ್ದರಂತೆ. ಒಂದು ದಿನ ಅಪ್ಪ, ಒಂದು ದಿನ ಅಮ್ಮ. ಅಮ್ಮನ ಸರದಿಯ ದಿನ ಎಷ್ಟೋ ಸಲ ಎಚ್ಚರವಾದಾಗ ಬೆಳಕು ಹರಿದುಬಿಟ್ಟಿರುತ್ತಿತ್ತು. ಗಾಬರಿಯಿಂದ ಓಡಿ ಹೋದರೆ ಹುಳುವಿನ ಮೇಲೆ ಹಸಿ ಸೊಪ್ಪು. ಅಪ್ಪ ಹೊರಗೆ ಬೇವಿನ ಕಡ್ಡಿ ಅಗಿಯುತ್ತಾ ನಿಂತಿರುತ್ತಿದ್ದರು. "ನೀವು ಹಾಕಿದ್ರಾ?" ಎಂದರೆ, "ನಾನ್ಯಾಕೆ ಹಾಕ್ಲಿ, ನೀನೇ ಎದ್ದು ಹಾಕಿ ಬಂದು ಮಲಗಿದೆಯಲ್ಲ. ನಿದ್ದೆಗಣ್ಣಲ್ಲಿ ಮರೆತಿದ್ದೀಯ," ಎನ್ನುತ್ತಿದ್ದರಂತೆ. ಇದನ್ನು ಹೇಳುವಾಗ ಅಮ್ಮ ಸೆರಗಿನಲ್ಲಿ ಕೈ ಒರೆಸುತ್ತಲೇ ಇದ್ದಳು. ಕೈ ಎಂದೋ ಒಣಗಿತ್ತು.

ಎರಡು ದಿನ ಬಿಟ್ಟು ಅಮ್ಮನ ಸರದಿ. ನಾನು ಫೋನಿನಲ್ಲಿ ಮೂರೂವರೆಗೆ ಅಲಾರಂ ಇಟ್ಟು, ಸದ್ದು ಕೇಳಿಸದಂತೆ ದಿಂಬಿನ ಕೆಳಗೆ ಹಾಕಿಕೊಂಡು ಮಲಗಿದೆ. ಎದ್ದಾಗ ಅಮ್ಮ ಗಾಢ ನಿದ್ದೆಯಲ್ಲಿದ್ದಳು, ಕಂಬಳಿ ಕತ್ತಿನವರೆಗೆ. ಹೊರಗೆ ಬಂದರೆ ಮಂಜು. ಎದುರು ಮನೆ ಕೂಡ ಕಾಣದಷ್ಟು. ನೀರು ಮುಟ್ಟಿದರೆ ಬೆರಳು ಕಡಿಯುವ ಚಳಿ. ಕೈ ತೊಳೆದು, ಕೆಂಡದ ಬಾಣಲೆಗೆ ಹಿಡಿದು ಬೆಚ್ಚಗೆ ಮಾಡಿಕೊಂಡು, ಒಂದೊಂದೇ ಅಂಕಣಕ್ಕೆ ಕೊಂಬೆ ಜೋಡಿಸಿದೆ. ಹುಳು ಕೂಡಲೇ ತಲೆ ಎತ್ತಿ ಹತ್ತತೊಡಗಿದವು. ಒಂದು ಕಡೆಯಿಂದ ಸೋನೆ ಶುರುವಾಗಿ ಇನ್ನೊಂದು ಕಡೆಗೆ ಹಬ್ಬಿತು. ಆ ಹೊತ್ತಿಗೆ ಈ ಲೋಕದಲ್ಲಿ ನಾನು ಇರಬೇಕಾದ ಜಾಗ ಅದೊಂದೇ ಅನ್ನಿಸಿತು. ಬೇರೆ ಎಲ್ಲೂ ಇರಬೇಕು ಅನ್ನಿಸದ ಹದಿನೈದು ನಿಮಿಷ. ಅಷ್ಟು ಹಗುರ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ಬೆಳಿಗ್ಗೆ ಅಮ್ಮ ಓಡಿ ಬಂದಳು. "ನೀನು ಹಾಕಿದ್ಯಾ?"

"ಇಲ್ಲಮ್ಮ. ನೀನೇ ಎದ್ದು ಹಾಕಿದೆಯಲ್ಲ. ಮರೆತಿದ್ದೀಯ."

ಅಮ್ಮ ನನ್ನ ಮುಖ ನೋಡಲಿಲ್ಲ. ಸ್ಟ್ಯಾಂಡಿನ ಹತ್ತಿರ ಹೋಗಿ ಬಗ್ಗಿ ಕೊಂಬೆಗಳನ್ನು ನೋಡಿದಳು. "ನಾನು ಹಾಕಿದ್ರೆ ತುದಿ ಬುಡ ಅದಲು ಬದಲು ಇರ್ತಿತ್ತು. ತುದೀಲಿ ಎಳೆ ಸೊಪ್ಪು, ಬುಡದಲ್ಲಿ ಬಲಿತದ್ದು. ಎಲ್ಲಕ್ಕೂ ಎರಡೂ ಸಿಗಬೇಕು. ಇದು ನೋಡು, ಎಲ್ಲ ತುದೀನೂ ಒಂದೇ ಕಡೆ ಇದೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಅವರೂ ಹೀಗೇ ಹಾಕ್ತಿದ್ರು."

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು.

"ಅಂದ್ರೆ ನಿನಗೆ ಗೊತ್ತಿತ್ತಾ? ಅಷ್ಟು ವರ್ಷ?"

"ಗೊತ್ತಿಲ್ದೆ ಏನು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಿಟ್ಬಿಡ್ತಿದ್ರು," ಎಂದಳು. ಕೊಂಬೆಗಳನ್ನು ಸರಿ ಮಾಡದೆ ಹಾಗೇ ಬಿಟ್ಟು ಅಡುಗೆಮನೆಗೆ ಹೋದಳು.

ಅಪ್ಪ ಅಮ್ಮ ಜೊತೆಯಲ್ಲಿ ಕೂತು ಮಾತಾಡಿದ್ದನ್ನು ನಾನು ಹೆಚ್ಚು ಕಂಡವಳಲ್ಲ. ಅವರ ನಡುವೆ ಪ್ರೀತಿ ಇದೆಯೋ ಇಲ್ಲವೋ ಎಂದು ಕಾಲೇಜಿನ ದಿನಗಳಲ್ಲಿ ಅನುಮಾನ ಪಟ್ಟವಳು ನಾನು. ನನ್ನ ಮದುವೆಯಲ್ಲಿ ನಾವು ಎಲ್ಲವನ್ನೂ ಮಾತಾಡುತ್ತಿದ್ದೆವು. ಒಬ್ಬರ ಮನಸ್ಸಿನಲ್ಲಿ ಇರುವುದೆಲ್ಲ ಇನ್ನೊಬ್ಬರಿಗೆ ಗೊತ್ತಿರಬೇಕು, ಅದೇ ಪ್ರೀತಿ ಎಂದು ನಂಬಿದ್ದೆವು. ಒಂದು ಸುಳ್ಳನ್ನು ಒಬ್ಬರು ದಿನ ಬಿಟ್ಟು ದಿನ ಹೇಳಿ, ಇನ್ನೊಬ್ಬರು ಗೊತ್ತಿದ್ದೂ ನಂಬಿದ ಹಾಗೆ ಇದ್ದು, ಅದನ್ನು ಇಬ್ಬರೂ ವರ್ಷಗಟ್ಟಲೆ ಜೋಪಾನ ಮಾಡಬಹುದು ಎನ್ನುವುದು ನನ್ನ ಕಲ್ಪನೆಯಲ್ಲೂ ಇರಲಿಲ್ಲ.

ಮುಂದಿನ ಮಂಗಳವಾರ ಹುಳು ಹಣ್ಣಾದವು. ತಿನ್ನುವುದು ನಿಲ್ಲಿಸಿ, ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅಮ್ಮ ಒಂದನ್ನು ಎತ್ತಿ ಬಲ್ಬಿನ ಎದುರು ಹಿಡಿದು ತೋರಿಸಿದಳು. ಬೆಳಕು ಅದರ ಮೈಯಿಂದ ಹಾದು ಬರುತ್ತಿತ್ತು, ಬಲಿತ ದ್ರಾಕ್ಷಿಯ ಹಾಗೆ. ಒಳಗೆ ಇರುವುದೆಲ್ಲ ರೇಷ್ಮೆಯೇ. ಬಾಯಿಂದ ಆಗಲೇ ಒಂದು ಎಳೆ ಗಾಳಿಗೆ ತೇಲುತ್ತಿತ್ತು.

ಹಣ್ಣಾದ ಮೇಲೆ ಕಾಯಲು ಆಗುವುದಿಲ್ಲ. ಅಮ್ಮ ಬೀದಿಯಲ್ಲಿ ಒಂದು ಕೂಗು ಹಾಕಿದಳು. ಏಳೆಂಟು ಹೆಂಗಸರು, ಸ್ಕೂಲು ಬಿಟ್ಟ ಮಕ್ಕಳು, ಎದುರು ಮನೆಯ ಅಜ್ಜಿ, ಎಲ್ಲರೂ ಬಂದರು. ಹುಳು ಆರಿಸಿ ಚಂದ್ರಿಕೆಗೆ ಬಿಡುವ ಕೆಲಸ. ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುತ್ತಿ ನಿಲ್ಲಿಸಿರುತ್ತಾರೆ, ಅದು ಚಂದ್ರಿಕೆ. ಹುಳು ಆ ಸಂದಿಯಲ್ಲಿ ಕೂತು ಗೂಡು ಕಟ್ಟುತ್ತದೆ. ಅಂಗೈ ತುಂಬ ಹುಳು ಎತ್ತಿದರೆ ತಣ್ಣಗೆ, ಮೆತ್ತಗೆ, ಸಣ್ಣ ಮಗುವಿನ ಕಿವಿ ಹಾಲೆ ಮುಟ್ಟಿದ ಹಾಗೆ. "ಬಾಗುಂದಕ್ಕಾ, ಈಸಾರಿ ಚಾಲಾ ಬಾಗುಂದಿ," ಎಂದು ಒಬ್ಬಳು ತೆಲುಗಿನಲ್ಲಿ. "ದೃಷ್ಟಿ ಹಾಕಬೇಡ ಕಣೇ," ಎಂದು ಅಮ್ಮ ಕನ್ನಡದಲ್ಲಿ. ಯಾರೋ ನಮ್ಮ ಸೀಮೆಯ ಸಂತ ಕೈವಾರದ ತಾತಯ್ಯನ ಪದ ಹಾಡತೊಡಗಿದರು. ಅರ್ಧಕ್ಕೆ ಮರೆತು ನಿಲ್ಲಿಸಿದಾಗ ಅಜ್ಜಿ ಮುಂದಿನ ಸಾಲು ಎತ್ತಿಕೊಟ್ಟರು. ಒಂದು ಹುಡುಗ ಹುಳುವನ್ನು ಮೀಸೆಯ ಹಾಗೆ ಮೂಗಿನ ಕೆಳಗೆ ಹಿಡಿದು ಅವನ ಮೇಷ್ಟ್ರ ಹಾಗೆ ಮಾತಾಡಿದ. ಅಮ್ಮ ನಕ್ಕಳು. ಬಾಯಿ ಮುಚ್ಚಿಕೊಳ್ಳದೆ, ಒಂದು ಕೈ ಮಂಡಿಯ ಮೇಲೆ ಊರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಅದು ಮೊದಲ ನಗು. ನಕ್ಕ ಮೇಲೆ ಅವಳು ಅಪ್ಪನ ಫೋಟೋ ಕಡೆ ಒಮ್ಮೆ ನೋಡಿ, ಮತ್ತೆ ಹುಳು ಎತ್ತಿಕೊಂಡಳು.

ರಾತ್ರಿ ಹತ್ತರ ಮೇಲೆ ಎಲ್ಲರೂ ಅಂಗಳದಲ್ಲಿ ಕೂತು ಹಿತಕಿದ ಬೇಳೆ ಸಾರು, ಮುದ್ದೆ ಉಂಡೆವು. ಚಳಿ, ಬೀದಿ ದೀಪ, ಬಿಸಿ ಸಾರು. ಬೆರಳೆಲ್ಲ ಸೊಪ್ಪಿನ ಹಸಿರು, ಸೊಂಟ ನೆಟ್ಟಗಾಗದಷ್ಟು ನೋವು. ಸಂತೋಷ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಆ ಅಂಗಳಕ್ಕೆ ಕರೆದುಕೊಂಡು ಹೋಗುತ್ತೇನೆ.

ಆ ರಾತ್ರಿ ಅಮ್ಮನಿಗೆ ನಿದ್ದೆ ಬರಲಿಲ್ಲ. ಕತ್ತಲಲ್ಲಿ ಹೊರಳಾಡುವುದು ಕೇಳುತ್ತಿತ್ತು. "ಏನಮ್ಮಾ?" ಎಂದೆ.

"ಸದ್ದೇ ಇಲ್ಲ ಕಣೇ."

ಗೂಡು ಕಟ್ಟುವ ಹುಳು ಸದ್ದು ಮಾಡುವುದಿಲ್ಲ. ಒಂದು ವಾರದ ಸೋನೆ ನಿಂತಿತ್ತು. ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು. "ಹತ್ತು ತಿಂಗಳು ಹೀಗೇ ಇತ್ತು. ಟಿವಿ ಹಾಕಿಕೊಂಡು ಮಲಗ್ತಿದ್ದೆ. ಅವರಿಗೆ ರಾತ್ರಿ ಎದ್ದು ಬೆಲ್ಲ, ಕಡಲೆಕಾಯಿ ತಿನ್ನೋ ಅಭ್ಯಾಸ, ನೆನಪಿದೆಯಾ? ಆ ಕಟಕಟ ಸದ್ದು ಕೇಳಿದ್ರೆ ನನಗೆ ಸಿಟ್ಟು ಬರ್ತಿತ್ತು. ರಾತ್ರಿ ಮನೇಲಿ ಒಂದು ಜೀವ ತಿಂತಾ ಇರೋ ಸದ್ದು ಇರಬೇಕು ಕಣೇ. ಅದಕ್ಕೇ ಹುಳ ತಂದೆ. ದುಡ್ಡಿಗಲ್ಲ. ನಿನ್ನ ತಮ್ಮನಿಗೆ ಹೇಳಿದ್ರೆ ಅರ್ಥ ಆಗಲ್ಲ."

ನಾನು ಎದ್ದು ಅವಳ ಹಾಸಿಗೆಗೆ ಹೋಗಿ ಪಕ್ಕದಲ್ಲಿ ಮಲಗಿದೆ. ಇಬ್ಬರೂ ಒಂಟಿ ಹೆಂಗಸರು. ಅವಳದು ತುಂಬಿದ ಮನೆ ಬರಿದಾದ ಒಂಟಿತನ, ನನ್ನದು ಬೇರೆ. ಒಂದರ ಪಕ್ಕ ಇನ್ನೊಂದು ಮಲಗಿದರೆ ಎರಡೂ ಕರಗುವುದಿಲ್ಲ. ಆದರೆ ಬೆಚ್ಚಗಿತ್ತು.

ಐದನೇ ದಿನ ಗೂಡು ಬಿಡಿಸಿದೆವು. ಒಂದೊಂದು ಗೂಡಿನಲ್ಲೂ ತುಂಡಾಗದ ಒಂದೇ ಎಳೆ, ಸುಮಾರು ಏಳೆಂಟು ನೂರು ಮೀಟರ್. ಬಿಡಿಸುವಾಗ ಅಮ್ಮ ಕೆಲವನ್ನು ತೆಗೆದು ಮೊರಕ್ಕೆ ಹಾಕುತ್ತಿದ್ದಳು. ದಪ್ಪ, ಒರಟು, ಆಕಾರ ಕೆಟ್ಟ ಗೂಡುಗಳು. ಅವು ಜೋಡಿ ಗೂಡು. ಎರಡು ಹುಳು ಒಂದೇ ಕಡೆ ಸೇರಿ ಒಂದೇ ಗೂಡು ಕಟ್ಟಿರುತ್ತವೆ. ಕೇಳಲು ಚಂದ. ಆದರೆ ನೂಲು ತೆಗೆಯುವ ರೀಲರ್‌ಗಳಿಗೆ ಅದು ಬೇಡ. ಎರಡು ಎಳೆ ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲು ಬರುವುದಿಲ್ಲ. ಅದರಿಂದ ಗಂಟು ಗಂಟಾದ ಡುಪಿಯನ್ ನೂಲು ತೆಗೆಯುತ್ತಾರೆ, ಬೆಲೆ ಕಡಿಮೆ.

"ಜಾಗ ಸಾಲದೆ ಹೀಗಾಗುತ್ತೆ," ಎಂದಳು ಅಮ್ಮ. "ಒಂದೇ ಚಂದ್ರಿಕೆಗೆ ಜಾಸ್ತಿ ಬಿಟ್ಟಿದ್ದೀವಿ. ಹುಳ ಗೂಡು ಕಟ್ಟುವಾಗ ತಲೆ ಆಡಿಸುತ್ತೆ, ನೋಡಿದ್ದೀಯಲ್ಲ. ಆಡಿಸೋಕೆ ಜಾಗ ಬೇಕು."

ಹುಳುವಿನಿಂದ ಮನುಷ್ಯರಿಗೆ ಪಾಠ ತೆಗೆಯುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಆದರೂ ಒಂದು ಜೋಡಿ ಗೂಡನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ನಾವಿಬ್ಬರೂ ಕೆಟ್ಟವರಲ್ಲ ಎಂದೆನಲ್ಲ, ಆ ಮಾತನ್ನು ಮೊದಲ ಸಲ ಮನಸ್ಸಾರೆ ಒಪ್ಪಿದ್ದು ಆವತ್ತು.

ಇನ್ನೊಂದು ವಿಷಯ ಬರೆಯದೆ ಬಿಟ್ಟರೆ ಸುಳ್ಳು ಹೇಳಿದ ಹಾಗಾಗುತ್ತದೆ. ಇಷ್ಟೆಲ್ಲ ಜೋಪಾನ ಮಾಡಿದ ಜೀವ ಕೊನೆಗೆ ಬಿಸಿಯಲ್ಲಿ ಸಾಯುತ್ತದೆ. ಒಳಗಿನ ಚಿಟ್ಟೆ ಗೂಡು ತೂತು ಮಾಡಿ ಹೊರಬಂದರೆ ಎಳೆ ತುಂಡಾಗುತ್ತದೆ, ಅದಕ್ಕೆ ಮುಂಚೆಯೇ ಕೊಲ್ಲುತ್ತಾರೆ. ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ತಮ್ಮ ತೆಗೆದುಕೊಂಡು ಹೋದ. ಅಮ್ಮ ನಲವತ್ತು ವರ್ಷದಲ್ಲಿ ಒಂದು ಸಲವೂ ಮಾರುಕಟ್ಟೆಗೆ ಹೋಗಿಲ್ಲ, ನೂಲು ತೆಗೆಯುವ ಕಡೆಗೆ ಹೋಗಿಲ್ಲ. "ಅವುಗಳಿಂದ ನಾವು ಅನ್ನ ತಿಂದಿದ್ದೀವಿ. ನಿಮ್ಮನ್ನ ಓದಿಸಿದ್ದೀವಿ. ಅದನ್ನ ಮರೀಬಾರ್ದು, ಅಷ್ಟೇ ನನಗೆ ಗೊತ್ತು," ಎನ್ನುತ್ತಾಳೆ. ಐದು ಸಾವಿರ ವರ್ಷ ಮನುಷ್ಯ ಸಾಕಿ ಸಾಕಿ, ಈ ಹುಳು ತಾನಾಗಿ ಸೊಪ್ಪು ಹುಡುಕಿಕೊಂಡು ಹೋಗುವುದನ್ನೇ ಮರೆತಿದೆ. ನಾವಿಲ್ಲದೆ ಅದು ಬದುಕುವುದಿಲ್ಲ, ನಾವಿದ್ದರೂ ಪೂರ್ತಿ ಬದುಕುವುದಿಲ್ಲ. ಇದಕ್ಕೆ ನನ್ನ ಬಳಿ ಸಮಾಧಾನ ಇಲ್ಲ. ಸಂಕಟವಿದೆ.

ಮೊರದಲ್ಲಿದ್ದ ಜೋಡಿ ಗೂಡುಗಳನ್ನು ಅಮ್ಮ ಮಾರಲಿಲ್ಲ. ಅಟ್ಟದ ಮೇಲೆ ಹಾಗೇ ಇಟ್ಟಿದ್ದಳು. ನಾನು ಬೆಂಗಳೂರಿಗೆ ಹೋಗಿ ಮುಂದಿನ ಭಾನುವಾರ ಮತ್ತೆ ಊರಿಗೆ ಬಂದಾಗ, ಬೆಳಿಗ್ಗೆ ಆರರ ಹೊತ್ತಿಗೆ ಕರೆದಳು. ಮೊರದ ತುಂಬ ಬಿಳಿ ಚಿಟ್ಟೆಗಳು. ಒಂದು ಗೂಡಿನ ಒಂದೇ ತೂತಿನಿಂದ ಒಂದು ಚಿಟ್ಟೆ ಬಂದು ರೆಕ್ಕೆ ಒಣಗಿಸುತ್ತಾ ಕೂತಿತ್ತು, ಅದರ ಹಿಂದೆಯೇ ಇನ್ನೊಂದರ ತಲೆ ಕಾಣುತ್ತಿತ್ತು. ಅವು ಹಾರಲಾರವು. ತಿನ್ನಲು ಆಗುವಂಥ ಬಾಯಿಯೂ ಅವಕ್ಕಿಲ್ಲ. ಹುಳುವಾಗಿದ್ದಾಗ ತಿಂದಿದ್ದೇ ಊಟ. ಇರುವ ನಾಲ್ಕಾರು ದಿನ ಬರೀ ಜೊತೆಯನ್ನು ಹುಡುಕುವುದು, ಕೂಡುವುದು, ಮೊಟ್ಟೆ ಇಡುವುದು. ರೆಕ್ಕೆ ಎಷ್ಟು ಜೋರಾಗಿ ಬಡಿಯುತ್ತಿದ್ದವೆಂದರೆ ಮೊರದಿಂದ ಬಿಳಿ ಪುಡಿ ಏಳುತ್ತಿತ್ತು. ಅಮ್ಮ ಕೆಳಗೆ ಹಳೆಯ ಪೇಪರ್ ಹಾಸಿದಳು. ಸಂಜೆಯ ಹೊತ್ತಿಗೆ ಪೇಪರಿನ ಮೇಲೆ ಸಾಸಿವೆಯಂಥ ಮೊಟ್ಟೆಗಳು.

ಬೆಂಗಳೂರಿನಲ್ಲಿ ನನ್ನ ಮನೆ ಹಾಗೇ ಇದೆ. ಒಂಟಿತನ ಹೋಯಿತು ಎಂದು ಬರೆದರೆ ನಂಬಬೇಡಿ. ಕೆಲವು ಸಂಜೆ ಅದು ನನಗಿಂತ ಮುಂಚೆ ಮನೆಗೆ ಬಂದು ಕೂತಿರುತ್ತದೆ. ಆದರೆ ಫೆಬ್ರವರಿಯಲ್ಲಿ ಮೇಲಿನ ಮಹಡಿಯ ಒಬ್ಬರು ಹಿರಿಯರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮಕ್ಕಳು ಹೊರದೇಶದಲ್ಲಿ. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕಬೇಕು, ಅವರಿಗೆ ಕೈ ನಡುಗುತ್ತದೆ. ಲಿಫ್ಟಿನಲ್ಲಿ ಸಿಕ್ಕಾಗ ಅದನ್ನು ಸುಮ್ನೆ ಮಾತಿಗೆ ಹೇಳಿದರು. "ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ನಾನು ಬರ್ತೀನಿ ಸರ್," ಎಂದೆ. ಉಳಿದ ಎರಡು ಸಲಕ್ಕೆ ಕೆಲಸದವರು ಒಪ್ಪಿಕೊಂಡರು. ಎಂಟಕ್ಕೆ ಐದು ನಿಮಿಷ ಇರುವಾಗ ಹೋದರೆ ಬಾಗಿಲು ತೆರೆದೇ ಇರುತ್ತಿತ್ತು. ಅವರು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ ಕಾಯುತ್ತಾ ಕೂತಿರುತ್ತಿದ್ದರು. ಹನಿ ಹಾಕುವ ಕೆಲಸ ಮುಗಿದು ಈಗ ಎಷ್ಟೋ ದಿನವಾಯಿತು. ಕಾಫಿಗೆ ಹೋಗುವುದು ಮಾತ್ರ ನಿಂತಿಲ್ಲ. ಮೊನ್ನೆ ಕಿಟಕಿ ಕಟ್ಟೆಯ ಮೇಲೆ ಲೋಟ ಕಾಣಲಿಲ್ಲ. ಮನೆಯೆಲ್ಲ ಹುಡುಕಿದೆ. ಅದು ಅವರ ಮನೆಯ ಸಿಂಕಿನಲ್ಲಿತ್ತು.

ನಿನ್ನೆ ರಾತ್ರಿ ಅಮ್ಮ ಫೋನ್ ಮಾಡಿದ್ದಳು. ಮತ್ತೆ ಹುಳು ತಂದಿದ್ದಾಳೆ, ಈ ಸಲವೂ ಐವತ್ತೇ. ಈ ಬೆಳೆ ಮುಗಿದ ಮೇಲೆ ಒಂದು ತಿಂಗಳು ಹುಳು ಮನೆಗೆ ಬೀಗ, ನಾವಿಬ್ಬರೂ ಸಮುದ್ರ ನೋಡಿಕೊಂಡು ಬರೋಣ ಎಂದು ಒಪ್ಪಿಸಿದ್ದೇನೆ. "ನೋಡೋಣ," ಎಂದಿದ್ದಾಳೆ. ಅಮ್ಮನ "ನೋಡೋಣ" ಎಂದರೆ ಹೆಚ್ಚುಕಮ್ಮಿ ಹೂಂ ಎಂದೇ ಅರ್ಥ.

"ಶನಿವಾರ ನಾಲ್ಕನೇ ಜ್ವರ ಏಳುತ್ವೆ. ಬರ್ತೀಯಲ್ಲ?"

"ಬರ್ತೀನಿ."

"ನಾಲ್ಕು ಗಂಟೆ ಸೊಪ್ಪು ನಿಂದು."

"ಸರದಿ ಮೇಲಲ್ವಾ?"

"ಹೂಂ, ಸರದಿ ಮೇಲೆ," ಎಂದಳು. ಫೋನ್ ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದಳು. "ಕೊಂಬೆ ನಿನಗೆ ಹೇಗೆ ಬರುತ್ತೋ ಹಾಗೇ ಹಾಕು."